ಅತ್ತೆಯ ಟ್ರಂಕಿನ ಪೈಲ್ವಾನರು

ನಮ್ಮ ಸೋದರತ್ತೆ ತನ್ನ ಮಂಚದ ಕೆಳಗಿನ ಟ್ರಂಕಿನಲ್ಲಿ ಇನ್ನೂರಾ ಹನ್ನೊಂದು ಗಂಡಸರನ್ನು ಇಟ್ಟುಕೊಂಡಿದ್ದಾಳೆ. ಒಬ್ಬರ ಮೈಮೇಲೂ ಅಂಗಿ ಇಲ್ಲ! ಬರೀ ಲಂಗೋಟಿ. ಈ ಸಂಗತಿ ನಮ್ಮ ಮಾಮಾ ಅವರಿಗೆ, ಅಂದರೆ ಅತ್ತೆಯ ಗಂಡನಿಗೆ ಗೊತ್ತಿಲ್ಲವೇ ಎಂದು ನೀವು ಕೇಳಬಹುದು. ಚೆನ್ನಾಗಿ ಗೊತ್ತು. ಆ ಟ್ರಂಕಿಗೆ ತಪ್ಪದೆ ಡಾಂಬರು ಗುಳಿಗೆ ತಂದು ಹಾಕುವವರೇ ಅವರು. ಇಷ್ಟು ಮಂದಿ ಪೈಲ್ವಾನರ ಮೇಲೆ ಮಲಗುವ ಹೆಂಡತಿಯ ಜೊತೆ ಜಗಳಾಡುವ ಧೈರ್ಯ ತನಗೆಲ್ಲಿಂದ ಬರಬೇಕು ಎಂದು ಬನಹಟ್ಟಿಯ ಚಹಾದಂಗಡಿಯಲ್ಲಿ ಕುಳಿತು ಅವರೇ ಹೇಳಿಕೊಂಡು ನಗುತ್ತಾರೆ.

ಗಾಬರಿಯಾಗಬೇಡಿ, ಎಲ್ಲರೂ ಕಾಗದದವರು. ಹಿಂದೆ ನಮ್ಮ ಜಮಖಂಡಿ, ಮುಧೋಳ, ಬೀಳಗಿ ಕಡೆ ದೊಡ್ಡ ಕುಸ್ತಿ ಇಟ್ಟರೆ ಪೈಲ್ವಾನರ ಚೀಟಿ ಅಚ್ಚು ಹಾಕಿಸಿ ಹಂಚುತ್ತಿದ್ದರು. ಅಂಗೈಗಿಂತ ಒಂದಿಷ್ಟು ದೊಡ್ಡದಾದ ದಪ್ಪ ಕಾಗದ. ಮುಂದೆ ಪೈಲ್ವಾನ ಎದೆ ಸೆಟೆಸಿ ನಿಂತ ಚಿತ್ರ, ಅದರ ಕೆಳಗೆ ಅವನ ಹೆಸರು, ಊರು, ಗರಡಿ ಮನೆ. ಹಿಂದೆ ಯಾರ ಜೊತೆ ಕುಸ್ತಿ, ಎಲ್ಲಿ, ಗೆದ್ದವನಿಗೆ ಬೆಳ್ಳಿ ಕಡಗವೋ ತಲೆಗೆ ಸುತ್ತುವ ರೇಷ್ಮೆ ಪಟಕಾನೋ ಎಂಬ ವಿವರ. ಕುಸ್ತಿ ಮುಗಿದ ಮರುದಿನ ಆ ಚೀಟಿಗೆ ಯಾವ ಬೆಲೆಯೂ ಇರುತ್ತಿರಲಿಲ್ಲ. ಒಲೆ ಹೊತ್ತಿಸಲು, ತಂಬಾಕು ಕಟ್ಟಲು, ಅಲುಗಾಡುವ ಮಂಚದ ಕಾಲಿಗೆ ಆಸರೆ ಕೊಡಲು ಹೋಗುತ್ತಿತ್ತು. ಹಾಗೆ ಹೋಗದೆ ಉಳಿದವರನ್ನು ನಮ್ಮ ಅತ್ತೆ ಹದಿನಾಲ್ಕು ವರ್ಷಗಳಿಂದ ಮನೆಗೆ ಕರೆತರುತ್ತಿದ್ದಾಳೆ.

ಆದರೆ ಖರೆ ಹೇಳಬೇಕೆಂದರೆ ಈ ಇನ್ನೂರಾ ಹನ್ನೊಂದು ಜನರಲ್ಲಿ ಒಬ್ಬನೂ ಅತ್ತೆಗೆ ಬೇಕಾದವನಲ್ಲ. ಅವಳಿಗೆ ಬೇಕಾದವನು ಒಬ್ಬನೇ, ಅವಳ ಅಪ್ಪ.

ಅವನು ನಮ್ಮ ಮುತ್ಯಾ. ಬೀಳಗಿ ಕಡೆಯ ಹಳ್ಳಿಯವನು, ಹೊಲದಲ್ಲಿ ದುಡಿದು ಸಂಜೆ ಗರಡಿ ಮನೆಗೆ ಹೋಗುತ್ತಿದ್ದ. ಅತ್ತೆ ಆರು ತಿಂಗಳ ಕೂಸಾಗಿದ್ದಾಗ ಜ್ವರ ಬಂದು ವಾರದೊಳಗೆ ತೀರಿಕೊಂಡ. ಮನೆಯಲ್ಲಿ ಅವನ ಒಂದೂ ಫೋಟೋ ಇರಲಿಲ್ಲ. ಫೋಟೋ ತೆಗೆಸಿದರೆ ಆಯುಷ್ಯ ಕಮ್ಮಿಯಾಗುತ್ತದೆ ಎಂದು ನಮ್ಮ ಆಯಿ, ಅವನ ಹೆಂಡತಿ, ಬಲವಾಗಿ ನಂಬಿದ್ದಳು. ಹೀಗಾಗಿ ಅಪ್ಪ ಎಂದರೆ ಅತ್ತೆಗೆ ಒಂದು ಹೆಸರು ಮಾತ್ರ. ಆಯಿ ತನ್ನ ಕೊನೆಗಾಲದಲ್ಲಿ, ಹಾಸಿಗೆ ಹಿಡಿದಾಗ, ಒಂದು ದಿನ ಅತ್ತೆಯ ಕೈ ಹಿಡಿದು ಅತ್ತಳಂತೆ. ಮುತ್ಯಾ ಒಮ್ಮೆ ತನಗೆ ಹೇಳದೆ ಕೇಳದೆ ಕುಸ್ತಿ ಚೀಟಿಗಾಗಿ ಫೋಟೋ ತೆಗೆಸಿದ್ದ, ಚೀಟಿ ಅಚ್ಚಾಗಿ ಮನೆಗೆ ಬಂದ ತಿಂಗಳಿಗೇ ಹೋಗಿಬಿಟ್ಟ, ಆ ಸಿಟ್ಟಿಗೆ ಮನೆಯಲ್ಲಿದ್ದ ಚೀಟಿಯನ್ನು ತಾನೇ ಒಲೆಗೆ ಹಾಕಿದೆ ಎಂದು ಹೇಳಿಕೊಂಡಳು. ಅರವತ್ತು ವರ್ಷ ಹೊಟ್ಟೆಯೊಳಗಿಟ್ಟುಕೊಂಡಿದ್ದ ಮಾತು! ಬೇರೆ ಯಾರಾದರೂ ಆಗಿದ್ದರೆ ತಾಯಿ ಮಗಳು ಕೊರಳು ತಬ್ಬಿಕೊಂಡು ಅಳುತ್ತಿದ್ದರು. ನಮ್ಮ ಅತ್ತೆ ಕಣ್ಣು ಒರೆಸಿಕೊಂಡು ಕೇಳಿದ್ದು ಒಂದೇ ಮಾತು.

"ಎಷ್ಟ ಚೀಟಿ ಅಚ್ಚ ಹಾಕಿಸಿದ್ರಬೇ ಯವ್ವಾ?"

ಲೆಕ್ಕ ಸರಿಯಾಗಿಯೇ ಇತ್ತು. ನಾನು ಮುಧೋಳದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳುವವಳು, ನನಗೇ ಅಷ್ಟು ಬೇಗ ಹೊಳೆಯುತ್ತಿರಲಿಲ್ಲ. ಒಂದು ಕುಸ್ತಿಗೆ ಐನೂರೋ ಸಾವಿರವೋ ಚೀಟಿ ಹಾಕಿಸಿರಬೇಕು. ಆಯಿ ಸುಟ್ಟದ್ದು ಒಂದು. ಉಳಿದವು ಎಲ್ಲಿ ಹೋದವು?

ಆಯಿಯ ದಿನಕರ್ಮ ಮುಗಿದ ಮೇಲೆ ಅತ್ತೆ ಹುಡುಕಲು ಹೊರಟಳು. ಮೊದಲ ಚೀಟಿ ರಬಕವಿಯ ಒಬ್ಬ ದರ್ಜಿಯ ಮನೆಯಲ್ಲಿ ಸಿಕ್ಕಿತು. ನೋಡಿದರೆ ಅಪ್ಪನಲ್ಲ, ತೇರದಾಳ ಕಡೆಯ ಯಾರೋ ಪೈಲ್ವಾನ. ನಾನು ಅದನ್ನು ವಾಪಸು ಕೊಟ್ಟು ಬರೋಣ ಎಂದೆ. ಮನೆತನಕ ಬಂದವನನ್ನು ಹೊರಗೆ ಹೇಗೆ ಹಾಕುವುದು ಎಂದು ಅತ್ತೆ ನನ್ನನ್ನೇ ಗದರಿದಳು. ಅವನು ಉಳಿದ. ಆಮೇಲೆ ಬಂದವರೂ ಹೀಗೆಯೇ ಒಬ್ಬೊಬ್ಬರಾಗಿ ಉಳಿದರು. ಜಗತ್ತಿನಲ್ಲಿ ಸಂಗ್ರಹ ಮಾಡುವವರು ಬೇಕಾದದ್ದನ್ನು ಸಂಗ್ರಹಿಸುತ್ತಾರೆ. ನಮ್ಮ ಅತ್ತೆ ಮಾತ್ರ ಬೇಡವಾದವರನ್ನೇ ಕೂಡಿಹಾಕಿ ಅವರಿಗೆ ಡಾಂಬರು ಗುಳಿಗೆ ಹಾಕಿ ಸಾಕುತ್ತಿದ್ದಾಳೆ!

ಸಾಕುವುದರಲ್ಲೂ ಒಂದು ಪದ್ಧತಿ ಉಂಟು. ಸೋತವನ ಚೀಟಿಯನ್ನು ಗೆದ್ದವನ ಪಕ್ಕ ಇಡುವ ಹಾಗಿಲ್ಲ. ಒಂದೇ ಗರಡಿಯವರನ್ನು ಬೇರೆ ಮಾಡುವ ಹಾಗಿಲ್ಲ. ಬಡಕಲು ಪೈಲ್ವಾನರೆಲ್ಲ ಮೇಲೆ, ಭಾರದವರು ಕೆಳಗೆ. ಕಾಗದಕ್ಕೆ ಯಾವ ಭಾರ ಎಂದು ನಾನು ಒಮ್ಮೆ ಕೇಳಿ ಬೈಸಿಕೊಂಡಿದ್ದೇನೆ.

ಅತ್ತೆಯ ಮನೆಯ ಮುಂಭಾಗದಲ್ಲಿ ಮಾಮಾ ಅವರ ನಾಲ್ಕು ಪವರ್‌ಲೂಮುಗಳಿವೆ. ಬನಹಟ್ಟಿಯ ನೇಕಾರರ ಓಣಿಯೆಂದರೆ ಗೊತ್ತಲ್ಲ, ಬೆಳಿಗ್ಗೆಯಿಂದ ಖಟಖಟ ಖಟಖಟ. ಆ ಓಣಿಯವರು ಗುಟ್ಟು ಹೇಳುವುದನ್ನೂ ಒದರಿಯೇ ಹೇಳುತ್ತಾರೆ, ಬೇರೆ ದಾರಿಯಿಲ್ಲ. ನಾನು ಹೈಸ್ಕೂಲು ಓದಿದ್ದು ಅತ್ತೆಯ ಮನೆಯಲ್ಲೇ ಇದ್ದುಕೊಂಡು, ಅದಕ್ಕೇ ಈಗಲೂ ನನ್ನ ತರಗತಿಯ ಪಾಠ ಪಕ್ಕದ ಎರಡು ತರಗತಿಗೂ ಕೇಳುತ್ತದೆ. ಒಂದು ಮಧ್ಯಾಹ್ನ ಅತ್ತೆ ಹೊಸದಾಗಿ ಬಂದ ಪೈಲ್ವಾನನನ್ನು ನನಗೆ ತೋರಿಸುತ್ತ ಮಗ್ಗದ ಸದ್ದನ್ನು ಮೀರಿಸಿ ಒದರುತ್ತಿದ್ದಳು. ಅಷ್ಟರಲ್ಲಿ ಕರೆಂಟು ಹೋಯಿತು. ಇಡೀ ಓಣಿಯ ಮಗ್ಗಗಳು ಒಮ್ಮೆಲೇ ಗಪ್ಪಾದವು. ಆ ನಿಶ್ಶಬ್ದದಲ್ಲಿ ನಮ್ಮ ಅತ್ತೆಯ ದನಿ ಮಾತ್ರ ಗುಡಿಯ ಗಂಟೆಯ ಹಾಗೆ ಮೊಳಗಿತು.

"ತೊಡಿ ನೋಡ ಬೇ ಈತಂದು, ಎಂಥಾ ತೊಡಿ!"

ಎದುರು ಮನೆಯ ಮುದುಕಪ್ಪ ಜಗಲಿಯಿಂದ ಎದ್ದು ಒಳಗೆ ಹೋದ. ಮಾಮಾ ನೂಲಿನ ಉಂಡೆಗಳ ಹಿಂದೆ ಮುಖ ಮುಚ್ಚಿಕೊಂಡು ಕುಳಿತರು. ಅತ್ತೆಗೆ ಮಾತ್ರ ಏನೂ ಆಗಿರಲಿಲ್ಲ. ಅವಳು ದನಿ ತಗ್ಗಿಸಿ ಮೀಸೆಯ ವಿಷಯಕ್ಕೆ ಬಂದಳು.

ಬೇಸಿಗೆಯಲ್ಲಿ ಒಮ್ಮೆ ಪೈಲ್ವಾನರನ್ನೆಲ್ಲ ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಬಿಸಿಲಿಗೆ ಹರವುವುದು ವಾಡಿಕೆ. ಪ್ರತಿಯೊಬ್ಬನ ಮೇಲೂ ಒಂದೊಂದು ಹುಣಸೆ ಬೀಜ ಭಾರಕ್ಕೆ. ಒಂದು ವರ್ಷ ಸುಂಟರಗಾಳಿ ಎದ್ದು ಒಬ್ಬನನ್ನು ಹಾರಿಸಿಕೊಂಡು ಹೋಗಿ ಪಕ್ಕದ ಮನೆಯವರ ಹಪ್ಪಳದ ಮೇಲೆ ಕೆಡವಿತು. ಆ ಮನೆಯಾಕೆ ಅವನನ್ನು ಎರಡು ಬೆರಳಲ್ಲಿ ಹಿಡಿದು ತಂದು ಕೊಟ್ಟಳು. ಹಪ್ಪಳ ಕೆಟ್ಟವೇ ಎಂದು ಅತ್ತೆ ವಿಚಾರಿಸಬೇಕೋ ಬೇಡವೋ? ವಿಚಾರಿಸಿದಳು, ಆದರೆ ಅದು ಎರಡನೆಯ ಪ್ರಶ್ನೆ. ಮೊದಲನೆಯದು, ಪೈಲ್ವಾನ ಅಂಗಾತ ಬಿದ್ದಿದ್ದನೋ ಬೋರಲು ಬಿದ್ದಿದ್ದನೋ ಎಂಬುದು. ಅಂಗಾತ ಬಿದ್ದಿದ್ದರೆ ಬೆನ್ನು ನೆಲಕ್ಕೆ ಹತ್ತಿದಂತೆ, ಅಂದರೆ ಹಪ್ಪಳದ ಕೈಲಿ ಸೋತಂತೆ! ಬೋರಲು ಬಿದ್ದಿದ್ದ ಎಂದು ಗೊತ್ತಾದ ಮೇಲೆಯೇ ಅವಳಿಗೆ ಸಮಾಧಾನವಾದದ್ದು.

ಇಷ್ಟೆಲ್ಲ ಮಾಡುವ ಅತ್ತೆ ಜೀವನದಲ್ಲಿ ಒಂದು ಕುಸ್ತಿಯನ್ನೂ ಕಣ್ಣಾರೆ ನೋಡಿದವಳಲ್ಲ ಎಂದರೆ ನಂಬುತ್ತೀರಾ? ಅವಳ ಕಾಲದಲ್ಲಿ ಹೆಂಗಸರು ಕುಸ್ತಿ ಕಣದ ಕಡೆ ಹಾಯುತ್ತಿರಲಿಲ್ಲ. ಆದರೆ ಯಾರು ಯಾರನ್ನು ಎಲ್ಲಿ ಕೆಡವಿದರು ಎಂಬುದೆಲ್ಲ ಬಾಯಿಪಾಠ. ಜಮಖಂಡಿಯ ಒಂದು ಮದುವೆಯಲ್ಲಿ ಬಿಳಿ ಮೀಸೆಯ ಹಿರಿಯರೊಬ್ಬರು, ತಮ್ಮ ಬೆನ್ನಿಗೆ ಒಮ್ಮೆಯೂ ಮಣ್ಣು ಹತ್ತಿಲ್ಲವೆಂದು ಬೀಗರ ಮುಂದೆ ಹೇಳಿಕೊಳ್ಳುತ್ತಿದ್ದರು. ಅತ್ತೆ ಬುಂದೇದ ಲಾಡು ಮುರಿಯುತ್ತಲೇ, ಬೀಳಗಿಯ ಕುಸ್ತಿಯಲ್ಲಿ ಅವರಿಗೆ ಮಣ್ಣು ಹತ್ತಿಸಿದವನ ಹೆಸರು, ಊರು, ಗರಡಿ ಮೂರನ್ನೂ ಹೇಳಿಬಿಟ್ಟಳು. ಆ ಪೈಲ್ವಾನನ ಚೀಟಿ ಅವಳ ಟ್ರಂಕಿನಲ್ಲಿತ್ತು, ಅದರ ಹಿಂದೆ ಯಾರೋ ಪುಣ್ಯಾತ್ಮ ಫಲಿತಾಂಶವನ್ನು ಮಸಿಯಲ್ಲಿ ಬರೆದಿಟ್ಟಿದ್ದ. ಹಿರಿಯರ ಮುಖ ಕೆಂಪಾಯಿತು. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ. ಊಟವಾದ ಮೇಲೆ ಅವರು ನಮ್ಮನ್ನೇ ಹುಡುಕಿಕೊಂಡು ಬಂದಾಗ ಇವತ್ತು ನಮ್ಮ ಗತಿ ಮುಗಿಯಿತು ಎಂದುಕೊಂಡೆ. ಅವರು ಆಚೀಚೆ ನೋಡಿ, ಅತ್ತೆಯ ಕಿವಿಯ ಹತ್ತಿರ ಬಗ್ಗಿ, ಆ ಪೈಲ್ವಾನ ಇನ್ನೂ ಬದುಕಿದ್ದಾನೆಯೇ, ಬದುಕಿದ್ದರೆ ಎಲ್ಲಿ ಸಿಗುತ್ತಾನೆ ಎಂದು ಕೇಳಿದರು. ಎಂಬತ್ತರ ಮೇಲಿನ ಆ ಮನುಷ್ಯನಿಗೆ ಇನ್ನೊಂದು ಕೈ ನೋಡುವ ಆಸೆ ಇತ್ತು!

ಚೀಟಿಯನ್ನು ಅತ್ತೆ ಎಂದೂ ಬಿಟ್ಟಿ ತಂದವಳಲ್ಲ. ಹಣ ಕೊಟ್ಟರೆ ಅಪ್ಪನನ್ನು ಸಂತೆಯಲ್ಲಿ ಕೊಂಡಂತಾಗುತ್ತದೆ ಎಂದು ಹಣವನ್ನೂ ಕೊಡಳು. ಆ ಮನೆಯ ಹೆಂಗಸನ್ನು ಕರೆದು ಕೂರಿಸಿ, ಕುಂಕುಮ ಹಚ್ಚಿ, ಮಾಮಾ ಅವರ ಮಗ್ಗದ ಒಂದು ಸೀರೆಯಿಟ್ಟು ಉಡಿ ತುಂಬುತ್ತಾಳೆ. ಒಲೆಗೆ ಹಾಕದೆ ಇಟ್ಟಿರಿ, ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದು ಹರಸುತ್ತಾಳೆ. ಆ ಮನೆಯವರು ಬೇಕೆಂದು ಇಟ್ಟಿರುತ್ತಾರೆಯೇ? ಅಟ್ಟ ಗುಡಿಸುವ ಬೇಸರಕ್ಕೆ ಉಳಿದಿರುತ್ತದೆ. ಅತ್ತೆಗೆ ಆ ಬೇಸರದ ಮೇಲೂ ಗೌರವ.

ಹೀಗೊಮ್ಮೆ ಹೊಳೆಯಾಚೆಯ ಊರಲ್ಲಿ ಒಂದು ಚೀಟಿ ಸಿಕ್ಕಿತು. ಸಿಕ್ಕಿತು ಎಂದರೆ, ಒಂದು ಹಳೆಯ ಕಟ್ಟಿಗೆ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸಿದ್ದರು. ಕಿತ್ತರೆ ಹರಿಯುತ್ತದೆ. ಇವನೂ ಮುತ್ಯಾ ಅಲ್ಲವಲ್ಲ, ಇಲ್ಲೇ ಸುಖವಾಗಿರಲಿ ಬಿಡು ಎಂದು ನಾನು ಅಂಗಲಾಚಿದೆ. ಅತ್ತೆ ಕೇಳಿದರೆ ತಾನೇ? ಎರಡು ಸೀರೆ ಕೊಟ್ಟು ಮುಚ್ಚಳವನ್ನೇ ಬಿಚ್ಚಿಸಿಕೊಂಡಳು. ಚಿಕ್ಕಪಡಸಲಗಿಯ ಬ್ಯಾರೇಜಿನ ಮೇಲೆ ನಾನು ಸ್ಕೂಟರು ಓಡಿಸುತ್ತಿದ್ದೆ, ಅತ್ತೆ ಹಿಂದೆ ಮುಚ್ಚಳ ಹಿಡಿದು ಕುಳಿತಿದ್ದಳು. ಕೃಷ್ಣೆಯ ಗಾಳಿ ಮುಚ್ಚಳಕ್ಕೆ ಬಡಿದಾಗ ಸ್ಕೂಟರು ನಾನು ತಿರುಗಿಸಿದ ಕಡೆಗೆ ಹೋಗುವುದನ್ನು ಬಿಟ್ಟು ಪೈಲ್ವಾನ ತಿರುಗಿದ ಕಡೆಗೆ ಹೋಗತೊಡಗಿತು. ಎದುರು ಬಂದ ಕಬ್ಬಿನ ಟ್ರ್ಯಾಕ್ಟರಿನವನು ಗಾಡಿ ನಿಲ್ಲಿಸಿ, ಕೈಮುಗಿದು ನಮಗೆ ದಾರಿ ಬಿಟ್ಟ. ಮುಚ್ಚಳದೊಳಗೆ ಯಾವುದೋ ದೇವರ ಪಟ ಇರಬೇಕೆಂದು ಅವನು ತಿಳಿದಿದ್ದ.

ಹೋದ ವರ್ಷ ದೀಪಾವಳಿಯ ಹಿಂದುಮುಂದು ಲೋಕಾಪುರದಿಂದ ಒಬ್ಬ ಕಿರಾಣಿ ಅಂಗಡಿಯವರು ಅತ್ತೆಗೆ ಫೋನು ಮಾಡಿದರು. ಮದುವೆ ಮುಂಜಿ ಬಸ್‌ಸ್ಟ್ಯಾಂಡು ಎನ್ನದೆ ಕಂಡವರಿಗೆಲ್ಲ ಅತ್ತೆ ಮುತ್ಯಾನ ಹೆಸರು, ಊರು, ಗರಡಿ ಹೇಳಿ ತನ್ನ ನಂಬರು ಬರೆಸಿರುತ್ತಾಳೆ. ಹಾಗೆ ಬರೆದುಕೊಂಡವರಲ್ಲಿ ಇವರೂ ಒಬ್ಬರು. ತಂದೆಯ ಕಾಲದ ಅಂಗಡಿಯ ಅಟ್ಟ ತೆರವು ಮಾಡುವಾಗ ತಂತಿಗೆ ಪೋಣಿಸಿದ ಹಳೆಯ ಕಾಗದಗಳ ಕಟ್ಟು ಸಿಕ್ಕಿತಂತೆ, ಅದರಲ್ಲಿ ಅದೇ ಹೆಸರು, ಅದೇ ಊರು, ಅದೇ ಗರಡಿ ಇರುವ ಚೀಟಿ. ಅವರು ಇನ್ನೂ ಏನೋ ಹೇಳುತ್ತಿದ್ದರು. ಅತ್ತೆಗೆ ಅಷ್ಟು ಸಾಕಾಗಿತ್ತು, ಮಗ್ಗದ ಸದ್ದಿನಲ್ಲಿ ಫೋನು ಇಟ್ಟುಬಿಟ್ಟಳು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳು ಮುಧೋಳಕ್ಕೆ ಬಂದಿಳಿದಾಗ ನಾನು ಗುರುತೇ ಹಿಡಿಯಲಿಲ್ಲ. ಮಡಿಕೆ ಮುರಿಯದ ಹೊಸ ಸೀರೆ, ತಲೆಗೆ ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ತುರುಬು, ಅದರಲ್ಲೊಂದು ಸೇವಂತಿಗೆ. ಎಪ್ಪತ್ಮೂರು ವರ್ಷದ ಹೆಂಗಸು ಗಂಡು ನೋಡಲು ಬರುವ ದಿನದ ಹುಡುಗಿಯ ಹಾಗೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಸ್ಕೂಟರು ಹತ್ತುವ ಮೊದಲು ನನ್ನ ಕನ್ನಡಿಯಲ್ಲಿ ಮುಖ ನೋಡಿಕೊಂಡಳು.

"ಛಲೋ ಕಾಣಾಕತ್ತೇನಿಲ್ಲ? ಅಪ್ಪ ನನ್ನ ಆರ ತಿಂಗಳಾಕಿದ್ದಾಗ ನೋಡಿದ್ದ."

ನಗಬೇಕೆಂದುಕೊಂಡೆ, ನಗು ಬರಲಿಲ್ಲ. ಲೋಕಾಪುರದ ದಾರಿ ಹಿಡಿದೆವು. ಹದಿನಾಲ್ಕು ವರ್ಷದಲ್ಲಿ ನನ್ನ ಸ್ಕೂಟರು ಇಷ್ಟು ನಿಶ್ಶಬ್ದವಾಗಿ ಓಡಿದ್ದು ಅದೇ ಮೊದಲು.

ಅಂಗಡಿಯವರು ನಮ್ಮನ್ನು ಒಳಗೆ ಕೂರಿಸಿ ನೀರು ಕೊಟ್ಟರು, ಚಹಾ ಕೊಟ್ಟರು, ಚೀಟಿ ಮಾತ್ರ ಕೊಡಲೊಲ್ಲರು. ಹವಾಮಾನ ಮಾತಾಡಿದರು. ಕಬ್ಬಿನ ಬೆಲೆ ಮಾತಾಡಿದರು. ಸಮೀರವಾಡಿ ಸಕ್ಕರೆ ಕಾರ್ಖಾನೆಯ ಲಾರಿಗಳ ಧೂಳು ಮಾತಾಡಿದರು. ಕೊನೆಗೆ ಅವರ ಹೆಂಡತಿಯೇ ಒಳಗಿನಿಂದ ಸ್ಟೀಲಿನ ತಟ್ಟೆಯಲ್ಲಿ ಚೀಟಿ ಇಟ್ಟುಕೊಂಡು ಬಂದು ಅತ್ತೆಯ ಮುಂದೆ ಹಿಡಿದರು.

ಹೆಸರು ಇತ್ತು. ಊರು ಇತ್ತು. ಗರಡಿ ಇತ್ತು. ತೊಡೆಯ ಮೇಲೆ ಕೈಯೂರಿ ನಿಂತ ದೊಡ್ಡ ಆಳು ಇದ್ದ. ಕುತ್ತಿಗೆಯಿಂದ ಮೇಲೆ ಏನೂ ಇರಲಿಲ್ಲ. ಚೀಟಿಯ ಮೇಲುಭಾಗವನ್ನು ಯಾರೋ ಅಳತೆ ಹಿಡಿದಂತೆ ನೇರವಾಗಿ ಹರಿದು ತೆಗೆದಿದ್ದರು.

ಅಂಗಡಿಯವರು ತಲೆ ಬಗ್ಗಿಸಿ ನಿಂತರು. ಆಗ ಸಣ್ಣಪುಟ್ಟ ಸಾಮಾನು ಕಟ್ಟಲು ತಮ್ಮ ತಂದೆ ಸಿಕ್ಕ ಕಾಗದವನ್ನೆಲ್ಲ ತಂತಿಗೆ ಪೋಣಿಸಿ ಇಡುತ್ತಿದ್ದರಂತೆ, ಬೇಕಾದಷ್ಟೇ ಹರಿದು ಚಿಟಿಕೆ ಇಂಗೋ, ಸಾಸಿವೆಯೋ ಕಟ್ಟಿ ಕೊಡುತ್ತಿದ್ದರಂತೆ. "ನಮ್ಮಪ್ಪನೇ ಹರದಿರಬೇಕ್ರೀ ಅವ್ವಾರ. ತಪ್ಪಾತ್ರಿ," ಎಂದರು. ಫೋನಿನಲ್ಲಿ ಹೇಳಲು ಹೋಗಿದ್ದು ಇದನ್ನೇ.

ಎಷ್ಟು ಊರು, ಎಷ್ಟು ಅಟ್ಟ, ಎಷ್ಟು ಜನರ ನಗು ಸಹಿಸಿದ್ದಳು ಈ ಹೆಂಗಸು! ಒಂದು ಮುಖಕ್ಕಾಗಿ ತಾನೇ? ಆ ಮುಖ ಎಪ್ಪತ್ತು ವರ್ಷದ ಹಿಂದೆಯೇ ಯಾರದೋ ಅಡುಗೆ ಮನೆಯಲ್ಲಿ ಬಿಚ್ಚಿಕೊಂಡು ಕಸದ ಬುಟ್ಟಿ ಸೇರಿತ್ತು. ಅತ್ತೆ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಅಲುಗಾಡದೆ ಕುಳಿತಿದ್ದಳು. ಅಂಗಡಿಯವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಕೊನೆಗೆ ಅತ್ತೆಯೇ ತಲೆ ಎತ್ತಿದಳು.

"ಇಂಗ ಛಲೋದಿತ್ತೇನ್ರಿ?"

ಅಂಗಡಿಯವರಿಗೆ ಉಸಿರು ಬಂದಂತಾಯಿತು. ತಮ್ಮ ತಂದೆ ಹಲಕಾ ಮಾಲು ಎಂದೂ ಮಾರಿದವರಲ್ಲ ಎಂದು ಗಂಭೀರವಾಗಿ ಸಾಕ್ಷಿ ಹೇಳಿದರು. ಹಾಗಿದ್ದರೆ ಯಾರೋ ನಾಲ್ಕು ಮಂದಿ ಒಳ್ಳೆಯ ಸಾರು ಉಂಡಿದ್ದಾರೆ, ಅಪ್ಪನಿಗೆ ಅಷ್ಟು ಪುಣ್ಯ ಬಂತು ಎಂದು ಅತ್ತೆ ತೀರ್ಪು ಕೊಟ್ಟಳು. ಎಲ್ಲರೂ ನಕ್ಕರು. ನಗುತ್ತಲೇ ಅತ್ತೆ ಕೈಚೀಲದ ತಳದಿಂದ ಬಿಳಿ ಪಂಚೆಯಲ್ಲಿ ಸುತ್ತಿದ ಒಂದು ಸೀರೆ ತೆಗೆದಳು. ನಾನು ಅದನ್ನು ಎಂದೂ ನೋಡಿರಲಿಲ್ಲ. ಪವರ್‌ಲೂಮು ಬರುವ ಮೊದಲು ಮಾಮಾ ಕೈಮಗ್ಗದಲ್ಲಿ ನೇಯ್ದ ಕೊನೆಯ ಸೀರೆ ಅದು, ಕೆಂಪು ದಡಿಯದು. ಅಪ್ಪನ ಚೀಟಿ ಕೊಟ್ಟವರಿಗೆಂದು ತೆಗೆದಿಟ್ಟಿದ್ದಳಂತೆ. ಅಂಗಡಿಯವರ ಹೆಂಡತಿ ಬೇಡವೇ ಬೇಡ, ಹರಿದ ಚೀಟಿಗೆ ಇದು ಸಲ್ಲದು ಎಂದು ಹಿಂದೆ ಸರಿದರು. ಅತ್ತೆ ಕೈಹಿಡಿದು ಕೂರಿಸಿ ಉಡಿ ತುಂಬಿಯೇ ಬಿಟ್ಟಳು.

ಹೊರಗೆ ಬಂದ ಮೇಲೆ ನನ್ನ ಬಾಯಿ ಸುಮ್ಮನಿರಲಿಲ್ಲ. ಅರ್ಧ ಚೀಟಿಗೆ ಆ ಸೀರೆಯೇ ಬೇಕಿತ್ತೇ, ಬೇರೆ ಯಾವುದಾದರೂ ನಡೆಯುತ್ತಿತ್ತಲ್ಲ ಎಂದೆ. ಅತ್ತೆ ಸಿಟ್ಟಾಗಲಿಲ್ಲ.

"ನಮ್ಮವ್ವ ಪೂರಾ ಒಲಿಗೆ ಹಾಕಿದ್ಲು ಬೇ. ಇವ್ರು ಪರರ ಮಂದಿ, ತಲಿ ಅಷ್ಟ ಹರಕೊಂಡು ಉಳದದ್ದನ್ನ ಇಲಿ ಗೆದ್ದಲ ಮುಟ್ಟದ್ಹಂಗ ಇಟ್ಟಾರ. ನಾ ಹರದದ್ದನ್ನ ಎಣಸ್ಲೋ, ಉಳದದ್ದನ್ನ ಎಣಸ್ಲೋ?"

ನಾನು ಸ್ಕೂಟರು ಚಾಲು ಮಾಡಿದೆ. ಊರು ದಾಟಿ, ರಸ್ತೆಯ ಎರಡೂ ಕಡೆ ಕಬ್ಬು ಶುರುವಾದ ಮೇಲೆ ಕನ್ನಡಿಯಲ್ಲಿ ನೋಡಿದರೆ ಅವಳು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ನಿಲ್ಲಿಸಲೇ ಎಂದು ಕೇಳಿದೆ. ಬೇಡ, ಹೋಗು ಎಂದಳು. ಸ್ವಲ್ಪ ದೂರ ಹೋದ ಮೇಲೆ ನನ್ನ ಬೆನ್ನಿಗೆ ಹಣೆಯಿಟ್ಟು, "ಮಾರಿ ಒಂದ ನೋಡಬೇಕಂತ ಭಾಳ ಆಸೆ ಇತ್ತ ಬೇ," ಎಂದಳು. ಆಮೇಲೆ ಮುಧೋಳ ಬರುವತನಕ ಅತ್ತಳು. ನಾನೂ ಅತ್ತುಬಿಟ್ಟೆ. ಹೆಲ್ಮೆಟ್ಟಿನೊಳಗೆ ಕಣ್ಣೊರೆಸಿಕೊಳ್ಳುವುದು ಎಂಥ ಫಜೀತಿ ಎಂದು ಅಂದೇ ತಿಳಿದದ್ದು.

ಮನೆಯಲ್ಲಿ ನನ್ನ ಅಪ್ಪ, ಅಂದರೆ ಅತ್ತೆಯ ಅಣ್ಣ, ಪಡಸಾಲೆಯಲ್ಲಿ ಕುಳಿತು ಪೇಪರು ಓದುತ್ತಿದ್ದ. ಅಪ್ಪ ಅತ್ತೆಗಿಂತ ನಾಲ್ಕು ವರ್ಷ ದೊಡ್ಡವನು. ಈ ಪೈಲ್ವಾನರ ಹುಚ್ಚನ್ನು ಮೊದಲಿನಿಂದಲೂ ಆಡಿಕೊಳ್ಳುವವನು. ಮುತ್ಯಾ ಹೇಗಿದ್ದ ಎಂದು ಅತ್ತೆ ಎಷ್ಟು ಸಲ ಕೇಳಿದ್ದಾಳೋ, ಪ್ರತಿ ಸಲವೂ ನೆನಪಿಲ್ಲ ಎಂದು ಒಂದೇ ಮಾತಲ್ಲಿ ಹೇಳಿ ಎದ್ದುಹೋಗುತ್ತಿದ್ದ. ಈಗಲೂ ಏನಾದರೂ ಚುಚ್ಚುಮಾತು ಬರುತ್ತದೆಂದು ನಾನು ಹೆದರಿದ್ದೆ. ಅತ್ತೆ ಚೀಟಿಯನ್ನು ಅವನ ಕೈಗಿಟ್ಟು, ಈ ಎದೆ ನೋಡು, ಈ ತೋಳು ನೋಡು, ಇವನ ಹೊಟ್ಟೆಯಲ್ಲಿ ನಿನ್ನಂಥ ಒಣಕಟ್ಟಿಗೆ ಹೇಗೆ ಹುಟ್ಟಿತು ಎಂದು ತಾನೇ ಚಾಷ್ಟಿ ಮಾಡಿದಳು.

ಅಪ್ಪ ನಗಲಿಲ್ಲ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. ಆಮೇಲೆ ತಾನು ಇಷ್ಟು ವರ್ಷ ಸುಳ್ಳು ಹೇಳಿದೆ ಎಂದ. ಏನೂ ನೆನಪಿಲ್ಲ ಎಂದಲ್ಲ, ನೆನಪಿದ್ದುದನ್ನು ಹೇಳಲು ನಾಚಿಕೆಯಾಗುತ್ತಿತ್ತಂತೆ. ಏಕೆಂದರೆ ಮುತ್ಯಾನ ಮುಖ ಮಾತ್ರ ಅವನಿಗೂ ನೆನಪಿರಲಿಲ್ಲ.

"ಯಾವಾಗ ನೋಡಿದ್ರೂ ನನ್ನ ಹೆಗಲ ಮ್ಯಾಲ ಕುಂಡ್ರಿಸಿಕೊಂಡ ತಿರಗತಿದ್ದ. ಮ್ಯಾಲಿಂದ ನನಗ ಕಾಣ್ತಿದ್ದದ್ದು ಅವನ ತಲಿ ಒಂದ."

ಅತ್ತೆ ಅವನ ಪಕ್ಕದಲ್ಲಿ ಕುಳಿತಳು. ಅವಳ ದನಿ ಬಹಳ ಸಣ್ಣದಾಗಿತ್ತು, ಮಗ್ಗದ ಓಣಿಯಲ್ಲಿ ಅಷ್ಟು ವರ್ಷ ಬಾಳಿದವಳದು ಎಂದು ಯಾರೂ ಹೇಳಲಾರರು.

"ಹಂಗಾದ್ರ ಹೇಳಣ್ಣಾ. ತಲಿ ನಿನ್ನ ಕಡೆ ಐತಿ, ಉಳದದ್ದ ನನ್ನ ಕಡೆ ಐತಿ."

ಅಪ್ಪ ಹೇಳಿದ. ಮುತ್ಯಾನ ಕೂದಲು ದಟ್ಟವಾಗಿ, ಒರಟಾಗಿ ಇತ್ತಂತೆ. ನೆತ್ತಿಯ ಎಡಕ್ಕೆ ಎರಡು ಸುಳಿ. ಗರಡಿಯಿಂದ ಬಂದಾಗ ಕೂದಲಲ್ಲಿ ಕೆಂಪು ಮಣ್ಣು, ಎಣ್ಣೆಯ ವಾಸನೆ. ಬೀಳಬಾರದೆಂದು ಅಪ್ಪ ಎರಡೂ ಕೈಯಲ್ಲಿ ಕೂದಲು ಹಿಡಿದು ಜಗ್ಗುತ್ತಿದ್ದನಂತೆ, ಮುತ್ಯಾ ಒಮ್ಮೆಯೂ ಬೈದವನಲ್ಲ. ಅತ್ತೆ ಒಂದೊಂದನ್ನೂ ಎರಡೆರಡು ಸಲ ಹೇಳಿಸಿಕೊಂಡಳು. ಮಧ್ಯಾಹ್ನದ ಊಟ ಆರಿಹೋಯಿತು. ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಹದಿನಾಲ್ಕು ವರ್ಷ ಈ ಹೆಂಗಸನ್ನು ಹಿಂದೆ ಕೂರಿಸಿಕೊಂಡು ಬಿಸಿಲು ಧೂಳೆನ್ನದೆ ಸ್ಕೂಟರು ಓಡಿಸುವ ಭಾಗ್ಯ ನನಗೆ ಬಂದದ್ದಕ್ಕೆ, ಲೋಕಾಪುರದ ಆ ಜಿಪುಣ ಅಂಗಡಿಯಪ್ಪ ಬೇಕಾದಷ್ಟೇ ಹರಿದು ಉಳಿದದ್ದನ್ನು ಉಳಿಸಿದ್ದಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಮಾತು ಮುಗಿದ ಮೇಲೆ ಅತ್ತೆ ಎದ್ದಳು. ದೇವರ ಮನೆಯಿಂದ ಮಣೆ ತಂದು ಪಡಸಾಲೆಯ ನಡುವೆ ಇಟ್ಟಳು. ಅದರ ಮೇಲೆ ಚೀಟಿ ಇಟ್ಟಳು. ಅಪ್ಪ ಅವಳ ಮುಖ ನೋಡಿದ.

"ಹಿರ್‍ಯಾರಿಗೆ ನಮಸ್ಕಾರ ಮಾಡೂದು ಕಾಲಿಗಿ," ಎಂದಳು ಅತ್ತೆ. "ಕಾಲ ಎರಡೂ ಪೂರಾ ಅದಾವ ನೋಡಣ್ಣಾ."

ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮಂಡಿಯೂರಿದಳು. ಎಪ್ಪತ್ಮೂರು ವರ್ಷಕ್ಕೆ ಮೊದಲ ಸಲ ಮಗಳು ತನ್ನ ಅಪ್ಪನ ಪಾದಕ್ಕೆ ಹಣೆ ಹಚ್ಚಿದಳು.